ಆಸ್ಟ್ರಿಯಾ ಚಕ್ರಾಧಿಪತ್ಯದ ಪಾಠ

ಪ್ರತಿವರ್ಷವೂ ಜನವರಿ 1ನೆಯ ದಿನ ವಿಯೆನ್ನಾ ನಗರದಲ್ಲಿ ನಡೆಯುವ ಸಂಗೀತಸಭೆಯು ರಾಡೆಟ್‌ಸ್ಕಿ ದಂಡನಾಯಕನ ಹೆಸರಿನ ರಣವಾದ್ಯದೊಡನೆ ಮುಗಿಯುತ್ತದೆ. ಸಭಿಕರು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತಾರೆ. 1848ರಲ್ಲಿ ಹಿರಿಯ ಯೋಹಾನ್ ಸ್ಟ್ರಾಸನು ರಚಿಸಿದ ಈ ಕೃತಿಯು ಇಟಲಿಯ ಕುಸ್ತೋಜಾದಲ್ಲಿ ರಾಡೆಟ್‌ಸ್ಕಿಯು ಪಡೆದ ಜಯದ ಸ್ಮಾರಕವಾಗಿದೆ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಮಿಲಾನಿನ ಜನರು ಐದು ದಿನ ಬೀದಿಗಳಲ್ಲಿ ಕಾದಾಡಿ ಆತನ ಪಡೆಯನ್ನು ಹೊರದೂಡಿದ್ದರೆಂಬುದೂ, ಕುಸ್ತೋಜಾದ ತರುವಾಯ ಆ ಪಡೆಯೇ ಅವರ ನಗರವನ್ನು ಮರಳಿ ಹಿಡಿಯಿತೆಂಬುದೂ ಆ ಚಪ್ಪಾಳೆಯಲ್ಲಿ ಕೇಳಿಬರುವುದಿಲ್ಲ. ಹಾಬ್ಸ್‌ಬರ್ಗ್ ರಾಜವಂಶದ ಸೈನ್ಯವನ್ನೂ ಪ್ರಭುವರ್ಗವನ್ನೂ ಇಂದಿಗೂ ಹಾಡಿ ಹೊಗಳುವವರುಂಟು. ಆ ರಾಜ್ಯವೆಲ್ಲ ಜನಾಂಗಗಳ ಸೆರೆಮನೆಯೆಂದು ಜರೆಯುವವರೂ ಉಂಟು. ಇವೆರಡೂ ಅರ್ಧಸತ್ಯಗಳೆಂಬುದು ನಮ್ಮ ಅಭಿಪ್ರಾಯ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಆ ಸೈನ್ಯದಲ್ಲಿ ಕವಾಯತಿನ ಸುಮಾರು 80 ಆಜ್ಞೆಗಳು ಮಾತ್ರ ಎಲ್ಲರಿಗೂ ಜರ್ಮನ್ ಭಾಷೆಯಲ್ಲಿದ್ದುವು. ಒಂದು ಪಟಾಲಮಿನ ಸಿಪಾಯಿಗಳಲ್ಲಿ ನೂರಕ್ಕೆ 20 ಮಂದಿ ಯಾವ ಭಾಷೆಯನ್ನಾಡಿದರೂ ಅದು ಪಟಾಲಮಿನ ಭಾಷೆಯೆನಿಸುತ್ತಿತ್ತು. ಸೇನಾಧಿಕಾರಿಯು ಎಷ್ಟೇ ದೊಡ್ಡ ಮನೆತನದವನಾಗಿರಲಿ, ಮೂರು ವರ್ಷಗಳೊಳಗೆ ಅದನ್ನು ಕಲಿಯಬೇಕಾಗಿತ್ತು. ಕುಲೀನತೆಯು ಜನ್ಮದಿಂದ ಮಾತ್ರವೇ ಬರುತ್ತಿತ್ತೆಂಬುದೂ ಸರಿಯಲ್ಲ. ಮೇರಿಯಾ ತೆರೇಸಾ ರಾಣಿಯು 1751ರಲ್ಲಿ ವೀನರ್ ನಾಯ್‌ಸ್ಟಾಟ್ ಎಂಬಲ್ಲಿ ಸೈನಿಕ ವಿದ್ಯಾಶಾಲೆಯನ್ನು ಸ್ಥಾಪಿಸಿದಳು. 1757ರಿಂದ, ಸಾಮಾನ್ಯ ಮನೆತನದ ಅಧಿಕಾರಿಯೂ 30 ವರ್ಷ ಕಳಂಕವಿಲ್ಲದೆ ಸೇವೆ ಸಲ್ಲಿಸಿದರೆ ಕುಲೀನ ಪದವಿಯನ್ನು ಪಡೆಯಬಹುದಾಯಿತು. ಅವಳ ವಿದ್ಯಾಶಾಲೆಯು ಇಂದು ಆಸ್ಟ್ರಿಯಾ ಗಣರಾಜ್ಯದ ಸೇನಾಧಿಕಾರಿಗಳನ್ನು ತರಬೇತು ಮಾಡುತ್ತಿದೆ.

ಆದರೆ ಸಿಪಾಯಿಗೆ ಪಟಾಲಮಿನಲ್ಲಿ ದೊರೆತ ಮರ್ಯಾದೆಯು ಪ್ರಜೆಗೆ ರಾಜ್ಯದಲ್ಲಿ ದೊರೆಯಲಿಲ್ಲ. ದೋಷವಿರುವುದು ಇಲ್ಲಿಯೇ. 1866ರಲ್ಲಿ ಕೋನಿಗ್‌ಗ್ರೇಟ್ಸ್ ಕಾಳಗದಲ್ಲಿ ಪ್ರಷ್ಯಾದ ಕೈಯಲ್ಲಿ ಸೋತ ಫ್ರಾನ್ಸ್ ಜೋಸೆಫ್ ಚಕ್ರವರ್ತಿಯು ಮರುವರ್ಷ ಹಂಗೆರಿಯವರೊಡನೆ ಒಪ್ಪಂದ ಮಾಡಿಕೊಂಡನು. ರಾಜ್ಯವು ಎರಡು ಪಾಲಾಯಿತು. ಒಂದರಲ್ಲಿ ಜರ್ಮನರೂ ಮತ್ತೊಂದರಲ್ಲಿ ಮಗ್ಯಾರರೂ ಮೇಲುಗೈಯಾದರು. 1910ರ ಜನಗಣತಿಯಲ್ಲಿ ಪ್ರಜೆಗಳು ಸುಮಾರು 5 ಕೋಟಿ. ಈ ಎರಡು ಜನಾಂಗಗಳೂ ಕೂಡಿ ಅದರಲ್ಲಿ ಅರ್ಧಕ್ಕೂ ಕಡಮೆ. ಚೆಕ್ಕರು, ಸ್ಲೊವಾಕರು, ರೊಮೇನಿಯದವರು, ದಕ್ಷಿಣ ಸ್ಲಾವರು ಸಮಾನತೆಯನ್ನು ಕೇಳುತ್ತಲೇ ಉಳಿದರು. 1914ರ ಜುಲೈ 28ರಂದು ಸರ್ಬಿಯಾದ ಮೇಲೆ ಯುದ್ಧ ಸಾರಿದಾಗ ಆಸ್ಟ್ರಿಯಾದ ಪಾರ್ಲಿಮೆಂಟು ಆ ಮಾರ್ಚ್ ತಿಂಗಳಿಂದಲೇ ಮುಚ್ಚಿತ್ತು. ಅದು ಪುನಃ ಸೇರಿದ್ದು 1917ರಲ್ಲಿ. ಮಕ್ಕಳನ್ನು ರಣಕ್ಕೆ ಕಳುಹಿಸಬೇಕಾದ ಜನರ ಪ್ರತಿನಿಧಿಗಳನ್ನು ಒಂದು ಮಾತೂ ಕೇಳಲಿಲ್ಲ. ಸಿಪಾಯಿಯ ನುಡಿಯನ್ನು ಬಲ್ಲ ಹಳೆಯ ಅಧಿಕಾರಿಗಳು ಮೊದಲ ತಿಂಗಳುಗಳ ಕಾಳಗಗಳಲ್ಲಿಯೇ ಬಹುಸಂಖ್ಯೆಯಲ್ಲಿ ಮಡಿದರು. 1918ರ ಅಕ್ಟೋಬರ್ 16ರಂದು ಕೊನೆಯ ಚಕ್ರವರ್ತಿ ಕಾರ್ಲನು ಆಸ್ಟ್ರಿಯಾ ಭಾಗದ ಜನಾಂಗಗಳಿಗೆ ಸಂಯುಕ್ತ ರಾಜ್ಯವನ್ನು ವಾಗ್ದಾನ ಮಾಡಿದನು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ನವೆಂಬರ್ 11ರಂದು ಆತನು ರಾಜ್ಯಭಾರದಿಂದ ಹಿಂದೆ ಸರಿದನು.

1919ರ ಏಪ್ರಿಲ್ 3ರಂದು ಗಣರಾಜ್ಯವು ಕುಲೀನ ಪದವಿಗಳನ್ನು ಕಾಯಿದೆಯಿಂದಲೇ ರದ್ದುಮಾಡಿತು. ಹೆಸರಿನ ಹಿಂದಿನ ‘ಫಾನ್’ ಎಂಬ ಕುಲಸೂಚಕ ಪದವೂ ಹೋಯಿತು. ನೆರೆಯ ಜರ್ಮನಿಯು ಅದನ್ನು ಮನೆತನದ ಹೆಸರಿನ ಭಾಗವಾಗಿ ಉಳಿಸಿಕೊಂಡಿತು. ಆಸ್ಟ್ರಿಯಾ ಹಾಗೆ ಮಾಡಲಿಲ್ಲ. ಇದನ್ನು ಕ್ರೂರವೆನ್ನುವವರೊಡನೆ ನಾವು ಒಪ್ಪಲಾರೆವು. ಕಾರ್ಲನ ಹಿರಿಯ ಮಗ ಓಟೋನ ಶವವು 2011ರಲ್ಲಿ ವಿಯೆನ್ನಾದ ಕಪೂಚಿನ್ ಇಗರ್ಜಿಗೆ ಬಂದಾಗ, ಪದ್ಧತಿಯಂತೆ ಬಾಗಿಲು ತಟ್ಟಿ ಆತನ ಬಿರುದುಗಳನ್ನು ಹೇಳಿದರು. ಅಂಥವನನ್ನು ಅರಿಯೆವೆಂದು ಸನ್ಯಾಸಿಗಳು ಉತ್ತರವಿತ್ತರು. ಆತನ ಸಾಧನೆಗಳನ್ನು ಹೇಳಿದಾಗಲೂ ಉತ್ತರ ಅದೇ. ಪಾಪಿಯಾದ ಮರ್ತ್ಯನೆಂದ ಮೂರನೆಯ ಸಲವೇ ಕದ ತೆರೆಯಿತು. ಆ ವಂಶದ ಪದ್ಧತಿಯೇ ಒಪ್ಪಿಕೊಂಡಿದ್ದ ಮಾತನ್ನು ಗಣರಾಜ್ಯವು ಕಾಯಿದೆಯಾಗಿ ಬರೆಯಿತು, ಅಷ್ಟೆ.

ವಿಯೆನ್ನಾದ ಸೈನಿಕ ವಸ್ತುಸಂಗ್ರಹಾಲಯದಲ್ಲಿ ಜಯದ ಪತಾಕೆಗಳಿವೆ. ಸರಾಯೆವೊದಲ್ಲಿ ಹತನಾದ ಯುವರಾಜನ ರಕ್ತದ ಕಲೆಯ ಅಂಗಿಯೂ ಇದೆ. ಎರಡನ್ನೂ ಕಾಪಾಡಿರುವುದು ಸರಿಯೇ. ಆದರೆ ಆ ಪರಂಪರೆಯಲ್ಲಿ ಅನುಸರಿಸತಕ್ಕ ಭಾಗವು ಪತಾಕೆಯಲ್ಲ. ತನ್ನ ಕೈಕೆಳಗಿನವನ ನುಡಿಯನ್ನು ಕಲಿಯುವುದು ಅಧಿಕಾರಿಯ ಕರ್ತವ್ಯವೆಂಬ ನಿಯಮವೇ ಆ ಭಾಗ. ಆ ನಿಯಮವನ್ನು ಸೈನ್ಯಕ್ಕೆ ಮಾತ್ರ ಮೀಸಲಿಟ್ಟು ರಾಜ್ಯಭಾರಕ್ಕೆ ಅನ್ವಯಿಸದೆ ಹೋದುದರ ಫಲವನ್ನು ಹಾಬ್ಸ್‌ಬರ್ಗರು ಉಂಡರು. ಜನರನ್ನಾಳುವ ಹೊಣೆ ಹೊತ್ತವರೆಲ್ಲರೂ ಇದನ್ನು ಮನಸ್ಸಿನಲ್ಲಿಡತಕ್ಕದ್ದು.