ಅಂಕಿತ ಯಾರದು?



ಕಳೆದ ಬಸವ ಜಯಂತಿಗೆ ನಮ್ಮೂರಲ್ಲಿ ಏರ್ಪಡಿಸಿದ್ದ ವಚನ ಕಂಠಪಾಠ ಸ್ಪರ್ಧೆಗೆ ನಾನೂ ಒಬ್ಬ ನಿರ್ಣಾಯಕನಾಗಿದ್ದೆ. ತಪ್ಪಿಲ್ಲದೆ ಒಪ್ಪಿಸಿದವರಿಗೆ ಪೂರ್ಣ ಅಂಕ, ತಡವರಿಸಿದವರಿಗೆ ಕಡಿತ. ಕೊನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು, "ಸರ್, ನಾನ ಬರೆದದ್ದೊಂದು ವಚನ ಐತ್ರಿ. ನಂದ ಅಂಕಿತ ಇಟ್ಟೀನಿ. ಹೇಳ್ಲೇನ್ರಿ?" ಎಂದಳು. ಸಂಘಟಕರೊಬ್ಬರು, "ಶರಣರ ಸರಿಸಮ ಆಗಾಕ ಹೊಂಟೀಯೇನವಾ? ಕೊಟ್ಟಿದ್ದನ್ನ ಹೇಳು" ಎಂದರು. ಸಭೆ ನಕ್ಕಿತು. ಹುಡುಗಿ ಕೊಟ್ಟಿದ್ದನ್ನು ಹೇಳಿ ಕೆಳಗಿಳಿದಳು. ನಾನು ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ನಾನು ಸಾಹಿತಿಯಲ್ಲ, ನಿವೃತ್ತ ಸರ್ಕಾರಿ ಇಂಜಿನಿಯರ್. ಅಂಕಿತ ಎಂದರೆ ನನಗೆ ತಿಳಿಯುವ ಭಾಷೆಯಲ್ಲಿ ಸಹಿ. ಇಲಾಖೆಯಲ್ಲಿ ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕವಿರುತ್ತದೆ. ಸ್ಥಳಕ್ಕೆ ಹೋಗಿ, ಟೇಪು ಹಿಡಿದು, ಕಣ್ಣಾರೆ ಕಂಡ ಅಳತೆಯನ್ನೇ ಅದರಲ್ಲಿ ಬರೆದು ಸಹಿ ಮಾಡಬೇಕು. ನಾಳೆ ಗೋಡೆ ಬಿರುಕುಬಿಟ್ಟರೆ ಆ ಸಹಿಯೇ ನಿಮ್ಮನ್ನು ಕರೆದು ಕೇಳುತ್ತದೆ. ಶರಣರ ಅಂಕಿತವೂ ಹೀಗೆಯೇ ಎಂದು ನನ್ನ ತಿಳಿವಳಿಕೆ. ನಾನು ಕಂಡೆ, ನಾನು ಹೇಳಿದೆ, ಹೊಣೆ ನನ್ನದು.

ಆದ್ದರಿಂದಲೇ ಅವರಲ್ಲಿ ಒಬ್ಬರ ಅಂಕಿತ ಇನ್ನೊಬ್ಬರದಲ್ಲ. ಬಸವಣ್ಣನವರದು ಕೂಡಲಸಂಗಮದೇವ. ಅದೇ ಮನೆಯ ನೀಲಮ್ಮನವರದು ಸಂಗಯ್ಯ. ಅಂಬಿಗರ ಚೌಡಯ್ಯನವರಂತೂ ದೇವರ ಹೆಸರಿನ ಗೊಡವೆಗೇ ಹೋಗದೆ ತಮ್ಮ ಕಾಯಕವನ್ನೂ ಹೆಸರನ್ನೂ ಸೇರಿಸಿ ಅಂಕಿತ ಮಾಡಿಕೊಂಡರು. ಆಯ್ದಕ್ಕಿ ಲಕ್ಕಮ್ಮನವರ ಅಂಕಿತದಲ್ಲಿ ಗಂಡನ ಹೆಸರಿದೆ, ನಿಜ. ಆದರೆ ಆ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬಾ ಎಂದು ಕಳಿಸಿದವರೂ ಅವರೇ. ಬಸವಣ್ಣನವರ ಮೇಲೆ ಅಷ್ಟು ಭಕ್ತಿಯಿದ್ದೂ ಅವರ ಮಾತನ್ನು ಕಂಠಪಾಠ ಮಾಡಿ ಒಪ್ಪಿಸುವುದೇ ಶರಣಧರ್ಮ ಎಂದು ಇವರಲ್ಲಿ ಒಬ್ಬರೂ ತಿಳಿಯಲಿಲ್ಲ. ಹಾಗೆ ತಿಳಿದಿದ್ದರೆ ನಮಗೆ ಒಬ್ಬ ವಚನಕಾರರು ಸಿಗುತ್ತಿದ್ದರು, ಉಳಿದವರೆಲ್ಲ ಭಜನಾ ಮಂಡಳಿಯಾಗುತ್ತಿದ್ದರು.

ಅವರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲವೆ? ಶೂನ್ಯ ಸಂಪಾದನೆ ತೆರೆದು ನೋಡಿ, ಪುಟಪುಟದಲ್ಲೂ ಜಗಳ. ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭು ಹೋಗಿ ಕೆಣಕುತ್ತಾರೆ. (ಕೆರೆ ಕಟ್ಟುವವರನ್ನು ಹೀಗೆ ಹಂಗಿಸುವುದೆ ಎಂದು ನನಗೆ ಈಗಲೂ ಒಳಗೊಳಗೇ ಸಿಟ್ಟು ಬರುತ್ತದೆ.) ಅದೇ ಸಿದ್ಧರಾಮರು ಮುಂದೆ ಕಲ್ಯಾಣಕ್ಕೆ ಬಂದು ಶೂನ್ಯಪೀಠ ಏರಿದರೆಂದು ಪರಂಪರೆ ಹೇಳುತ್ತದೆ. ಯಾರೂ ಯಾರ ವಿರುದ್ಧವೂ ಬಿಜ್ಜಳನಿಗೆ ಮನವಿಪತ್ರ ಕೊಡಲಿಲ್ಲ.

ಮನವಿಪತ್ರ ಕೊಟ್ಟವರು ನಾವು.

1989ರಲ್ಲಿ ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಮೊದಲ ಸಂಪುಟದ ವಿರುದ್ಧ ಎದ್ದ ಗದ್ದಲ ಹಿರಿಯರಿಗೆ ನೆನಪಿರಬೇಕು. ಶರಣರ ಕುಟುಂಬದ ಬಗ್ಗೆ ಅವರು ಬರೆದ ಕೆಲವು ಮಾತು ನಮಗೆ ಸಹನೆಯಾಗಲಿಲ್ಲ. ಒತ್ತಡ ಹೇರಿದವರು ಹೊರಗಿನವರಲ್ಲ, ನಮ್ಮದೇ ಸಮಾಜದವರು. ಅವರು ಆ ಬರಹ ಹಿಂತೆಗೆದುಕೊಂಡರು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅಂದೇ ಬೌದ್ಧಿಕ ಆತ್ಮಹತ್ಯೆಯನ್ನೂ ಮಾಡಿಕೊಂಡೆ ಎಂದು ಆಮೇಲೆ ಅವರೇ ಹೇಳಿಕೊಂಡರು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಹಾಯಕ ಇಂಜಿನಿಯರ್. ಒಂದು ಸಂಜೆ ಪರಿಚಯದ ನಾಲ್ಕು ಹಿರಿಯರು ಕೋಣೆಗೆ ಬಂದು ಒಂದು ಹಾಳೆ ಮುಂದಿಟ್ಟರು. ಪುಸ್ತಕದ ವಿರುದ್ಧ ಮನವಿ. "ಪುಸ್ತಕ ಓದೀರೇನ್ರಿ ಕಾಕಾ?" ಎಂದೆ. "ಓದಬೇಕೇನಪಾ ಅಂಥಾದ್ದನ್ನ?" ಎಂದರು. ಸಹಿ ಮಾಡಿದೆ. ಒಂದು ಗಟಾರದ ಉದ್ದವನ್ನೂ ಅಳೆಯದೆ ಸಹಿ ಮಾಡದ ಮನುಷ್ಯ, ಒಬ್ಬ ವಿದ್ವಾಂಸರ ಬದುಕಿನ ಕೆಲಸದ ಮೇಲೆ ಓದದೆ ಸಹಿ ಮಾಡಿದೆ. ಆ ಪುಸ್ತಕ ಓದಿದ್ದು ಬಹಳ ವರ್ಷಗಳ ನಂತರ. ಒಂದೆರಡು ಕಡೆ ಅವರ ಆಧಾರ ಸಾಲದು ಎಂದು ಅನಿಸಿತು. ಅಷ್ಟನ್ನು ಒಂದು ಪತ್ರದಲ್ಲಿ ಅವರಿಗೇ ಬರೆಯಬಹುದಿತ್ತು.

2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಅವರಿಗೆ ಗುಂಡು ಹೊಡೆದರು. ಆ ಮೊಕದ್ದಮೆಯ ಬಗ್ಗೆ ಮಾತಾಡುವುದು ನನ್ನ ಕೆಲಸವಲ್ಲ. ನಾನು ಕೇಳುವುದು ನಮ್ಮ ಬಗ್ಗೆ. ಇಂದು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ನಮ್ಮದು ಸ್ವತಂತ್ರ ಧರ್ಮ ಎಂದು ವಾದಿಸುವಾಗ ಅವರ ಸಂಶೋಧನೆಯನ್ನೇ ಮುಂದಿಡುತ್ತೇವೆ. ಸ್ಪರ್ಧೆಯ ಮಕ್ಕಳಿಗೆ ವಚನ ಆರಿಸುವಾಗ ತೆರೆಯುವುದು ಅವರೇ ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳನ್ನು. ಆದರೆ 1989ರಲ್ಲಿ ನಾವು ಮಾಡಿದ್ದಕ್ಕೆ ಯಾವ ವೇದಿಕೆಯಿಂದಲೂ ಕ್ಷಮೆಯ ಒಂದು ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಅದೊಂದೇ ಆಗಿದ್ದರೆ ಕಾಲದೋಷ ಎನ್ನಬಹುದಿತ್ತು. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ನಾಟಕದ ಮೇಲೆ ಗಲಾಟೆ ಎಬ್ಬಿಸಿದೆವು. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳುವವರೆಗೆ ಬಿಡಲಿಲ್ಲ. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಬಂಜಗೆರೆ ಜಯಪ್ರಕಾಶರು ಬಸವಣ್ಣನವರ ಹುಟ್ಟಿನ ಜಾತಿಯ ಬಗ್ಗೆ ಬೇರೆ ಮಾತು ಬರೆದಾಗ ಮತ್ತೆ ಬೀದಿಗಿಳಿದೆವು. ಆ ವಾದ ನನಗೂ ಒಪ್ಪಿಗೆಯಿಲ್ಲ. ಆದರೆ ಬಸವಣ್ಣನವರು ಕೆಳಗಿನ ಜಾತಿಯಲ್ಲಿ ಹುಟ್ಟಿರಬಹುದು ಎಂದ ಮಾತ್ರಕ್ಕೆ ಅವಮಾನವಾಯಿತೆಂದು ಕೂಗಿದೆವಲ್ಲ, ಆ ಕೂಗು ಯಾರ ಅವಮಾನ?

ಮಾತೆ ಮಹಾದೇವಿಯವರು ಬಸವಣ್ಣನವರ ಅಂಕಿತವನ್ನು ಲಿಂಗದೇವ ಎಂದು ತಿದ್ದಿದ್ದು ತಪ್ಪು ಎಂದೇ ನನ್ನ ನಿಲುವು. ಇನ್ನೊಬ್ಬರ ಸಹಿಯನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಅದಕ್ಕೆ ಉತ್ತರವಾಗಿ ಪುಸ್ತಕ ನಿಷೇಧಿಸಿದ್ದೂ ನನಗೆ ಸರಿಕಾಣುವುದಿಲ್ಲ. ತಿದ್ದಿದ ಪಾಠದ ಪಕ್ಕದಲ್ಲಿ ಮೂಲಪಾಠ ಇಟ್ಟರೆ ಓದುವವರಿಗೆ ಕಣ್ಣಿಲ್ಲವೆ?

ವ್ಯಕ್ತಿಸ್ವಾತಂತ್ರ್ಯ ಪಶ್ಚಿಮದ ಸರಕು, ನಮ್ಮದು ದಾಸೋಹದ ಧರ್ಮ, ಸಮಾಜವೇ ಮುಖ್ಯ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ತನಗಾಗಿ ಮಾತ್ರ ಬದುಕುವವನನ್ನು ಶರಣರು ಒಪ್ಪುತ್ತಿರಲಿಲ್ಲ. ಆದರೆ ಇಷ್ಟಲಿಂಗ ಕೊಟ್ಟಿದ್ದು ಯಾರ ಕೈಗೆ? ಊರಿಗೆಲ್ಲ ಒಂದೇ ಲಿಂಗ ಇಟ್ಟು ಪೂಜಾರಿಯನ್ನು ನೇಮಿಸಲಿಲ್ಲ. ಹೆಣ್ಣು ಗಂಡೆನ್ನದೆ ಒಬ್ಬೊಬ್ಬರ ಅಂಗೈಗೂ ಕೊಟ್ಟರು. ನಡುವೆ ಬೇರೆಯವರಿಲ್ಲದೆ ನೋಡಿಕೋ ಎಂದದ್ದರ ಅರ್ಥ ಇನ್ನೇನು? ತನ್ನದೆಂಬ ಮಾತಿಲ್ಲದವನು ದಾಸೋಹದಲ್ಲಿ ಏನು ತಂದು ಬಡಿಸುತ್ತಾನೆ?

ಸುಧಾರಣೆಯವರಾದ ನಾವೂ ಈ ವಿಷಯದಲ್ಲಿ ಕಡಿಮೆಯಿಲ್ಲ. ಸಭೆಯಲ್ಲಿ ಒಬ್ಬರು ಬೇರೆ ಮಾತು ಎತ್ತಿದರೆ, ಇವರು ಆ ಕಡೆಯವರು ಎಂಬ ಪಿಸುಮಾತು ತಕ್ಷಣ ಹುಟ್ಟುತ್ತದೆ. ವೀರಶೈವ ಪದದ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ನನ್ನ ಸ್ನೇಹಿತರೊಬ್ಬರನ್ನು ವಾಟ್ಸಾಪ್ ಗುಂಪಿನಿಂದ ತೆಗೆದರು. ಆ ಗುಂಪಿನ ಹೆಸರಿನಲ್ಲಿ ಅನುಭವ ಮಂಟಪ ಎಂಬ ಪದವಿದೆ.

ಆ ಹುಡುಗಿಯನ್ನು ಮೊನ್ನೆ ಅವಳ ತಂದೆಯ ಕಿರಾಣಿ ಅಂಗಡಿಯಲ್ಲಿ ಕಂಡೆ. "ಅವತ್ತಿನ ವಚನ ಹೇಳವಾ, ಕೇಳ್ತೀನಿ" ಎಂದೆ. "ಹರಿದು ಒಗದೀನ್ರಿ ಅಜ್ಜಾರ" ಎಂದಳು.

ಮುಂದಿನ ಸ್ಪರ್ಧೆಯಲ್ಲಿ ಕಂಠಪಾಠಕ್ಕೆ ಅರ್ಧ ದಿನ ಸಾಕು, ಉಳಿದರ್ಧ ಮಕ್ಕಳು ತಮ್ಮ ಅಂಕಿತದಲ್ಲಿ ತಾವೇ ಬರೆದದ್ದನ್ನು ಓದಲಿ ಎಂದು ಸಮಿತಿಗೆ ಲಿಖಿತವಾಗಿ ಕೊಟ್ಟಿದ್ದೇನೆ. "ಅದಕ್ಕ ಅಂಕ ಹೆಂಗ ಹಾಕೂದ್ರಿ ಸಾಹೇಬ್ರ?" ಎಂದು ಕಾರ್ಯದರ್ಶಿಗಳು ಕೇಳಿದರು. ಹಾಕುವುದು ಬೇಡ, ಕುಳಿತು ಕೇಳೋಣ ಎಂದೆ. ವಿಷಯ ಮುಂದಿನ ಸಭೆಗೆ ಹೋಗಿದೆ.