ಎಣಿಕೆಯೂ ಅಂದಾಜೂ

ಸೆಲೂನಿನ ಲೆಕ್ಕವಿಡುವ ತಂತ್ರಾಂಶವೂ ಊಟದ ಲೆಕ್ಕವಿಡುವ ಆ್ಯಪ್ ಕೂಡ ಪರದೆಯ ಮೇಲೆ ಒಂದೇ ಬಗೆಯ ಅಂಕಿಗಳನ್ನು ತೋರಿಸುತ್ತವೆ. ಆದರೆ ಅವೆರಡಕ್ಕೂ ಒಂದೇ ಮನ್ನಣೆ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಈ ದಿನ 14 ಮಂದಿ ಬಂದರೆಂದು ಸೆಲೂನಿನ ತಂತ್ರಾಂಶವು ಹೇಳಿದರೆ ಅದು ಎಣಿಕೆ. ನಮೂದು ತಪ್ಪದಿದ್ದರೆ ಅಂಕಿಯೂ ತಪ್ಪದು. ಮಧ್ಯಾಹ್ನದ ಊಟ 612 ಕಿಲೊಕ್ಯಾಲೊರಿ ಎಂದು ಆ್ಯಪ್ ಹೇಳಿದರೆ ಅದು ಅಂದಾಜು ಮಾತ್ರ. ಪಿಷ್ಟ ಮತ್ತು ಪ್ರೋಟೀನಿಗೆ ಗ್ರಾಮಿಗೆ 4, ಕೊಬ್ಬಿಗೆ 9 ಕಿಲೊಕ್ಯಾಲೊರಿ ಎಂಬ ಸರಾಸರಿಗಳಿಗೆ ಮೂಲ, 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ನಡೆಸಿದ ಸಂಶೋಧನೆ. ಸರಾಸರಿ ಸರಿಯೆಂದೇ ಇಟ್ಟುಕೊಳ್ಳೋಣ. ತಟ್ಟೆಯಲ್ಲಿರುವ ಮುದ್ದೆಯ ತೂಕವೆಷ್ಟು? ಒಗ್ಗರಣೆಗೆ ಬಿದ್ದ ಎಣ್ಣೆಯೆಷ್ಟು? ಎಣ್ಣೆ 10 ಗ್ರಾಂ ಹೆಚ್ಚಿದರೆ ಸುಮಾರು 90 ಕಿಲೊಕ್ಯಾಲೊರಿ ಹೆಚ್ಚುತ್ತದೆ. ಹಾಗಿರುವಾಗ 612ರ ಕೊನೆಯ 2ಕ್ಕೆ ಅರ್ಥವೇನು?

ಒಂದೇ ರೀತಿಯಲ್ಲಿ ಅಳೆಯುತ್ತ ಹೋದರೆ ವಾರದಿಂದ ವಾರಕ್ಕೆ ಹೋಲಿಸಿ ನೋಡಲು ಈ ಆ್ಯಪ್ ಉಪಯುಕ್ತವೇ. ಆದರೆ ಬೆಳೆಯುವ ವಯಸ್ಸಿನವರು ಅಂಕಿ ಮೀರಿತೆಂದು ರಾತ್ರಿಯ ಊಟವನ್ನು ಬಿಡುವುದು ವಿಜ್ಞಾನವಲ್ಲ, ಅಂಕಿಯ ಮೇಲಿನ ಮೂಢನಂಬಿಕೆ. ಅಳತೆಯೊಡನೆ ಅದರ ದೋಷದ ಮಿತಿಯನ್ನೂ ಬರೆಯಬೇಕೆಂಬ ಪ್ರಯೋಗಶಾಲೆಯ ಪಾಠವು ಊಟದ ಎಲೆಗೂ ಸಲ್ಲುತ್ತದೆ.