ಬಿದ್ದುಹೋಗುವ ಹಲ್ಲು ತಾನೇ?

ಜ್ವರವೆಂದು ಕರೆತಂದ ಮಗುವಿನ ಗಂಟಲು ನೋಡಲು ಬಾಯಿ ತೆರೆಸಿದರೆ, ಎಷ್ಟೋ ಸಲ ಮೊದಲು ಕಾಣುವುದು ಕಪ್ಪಾಗಿ ಸವೆದ ಮುಂದಿನ ಹಲ್ಲುಗಳು. ‘ಹಾಲುಹಲ್ಲು ತಾನೇ ಡಾಕ್ಟ್ರೇ, ಬಿದ್ದು ಬೇರೆ ಬರುತ್ತವಲ್ಲ’ ಎನ್ನುತ್ತಾರೆ ಹೆತ್ತವರು. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಾಲಿನ ದವಡೆಹಲ್ಲುಗಳು 10-12 ವರ್ಷದವರೆಗೆ ಇರಬೇಕಾದವು. ಹುಳುಕಾಗಿ ಬೇಗ ಹೋದರೆ ಅಕ್ಕಪಕ್ಕದವು ವಾಲಿ, ಹೊಸ ಹಲ್ಲಿಗೆ ಜಾಗ ಸಾಲದಾಗುತ್ತದೆ. ಅವುಗಳ ಹಿಂದೆ 6ನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಇನ್ನೊಂದು ದವಡೆಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದೇ ಕಡೆಗಣಿಸುತ್ತೇವೆ. ಅದು ಶಾಶ್ವತ ಹಲ್ಲು; ಹೋದರೆ ಮತ್ತೆ ಬಾರದು.

ಬಾಯಲ್ಲಿ ಹಾಲಿನ ಬಾಟಲಿಯಿಟ್ಟು ಮಗುವನ್ನು ಮಲಗಿಸುವ ಅಭ್ಯಾಸ (ನಮ್ಮ ಮನೆಯಲ್ಲೂ ಇತ್ತು!) ಬಿಡಿ. ರಾತ್ರಿ ಮಲಗುವ ಮುನ್ನ ನೀವೇ ಹಲ್ಲುಜ್ಜಿ. ಪೇಸ್ಟು 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು.